ಹೂಂ, ಆಮೇಲೆ?

ಮಾರ್ಚ್ 3, ಸೋಮವಾರ. ಬೆಳಿಗ್ಗೆ.

ಬೇಕರಿಯವರು ಬಂದು ಇವರ ಗಡ್ಡ ಹೆರೆದು ಹೋದರು. ಸೋಮವಾರ ಅವರ ಸರದಿ. ಬುಧವಾರ ಹಲ್ಲಿನ ಡಾಕ್ಟರು — ಸ್ನಾನ. ಶುಕ್ರವಾರ ರಿಟೈರ್ಡ್ ರೈಲ್ವೆ ಗಾರ್ಡು — ವಾಕಿಂಗ್. ಇವರ ಫ್ರೀಮೇಸನ್ ಸಂಘದ, ಅಂದರೆ ಲಾಡ್ಜಿನ, ಗೆಳೆಯರೇ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದು. ಇವರಿಗೆ ಸ್ಟ್ರೋಕ್ ಆಗಿ ಏಳು ತಿಂಗಳು. ಒಬ್ಬರೂ ಒಂದು ದಿನ ತಪ್ಪಿಸಿಲ್ಲ.

ಮೂವತ್ತು ವರ್ಷ, ಇವರು 'ಲಾಡ್ಜಿಗೆ ಹೋಗ್ಬರ್ತೀನಿ' ಅಂದಾಗಲೆಲ್ಲ ಮುಖ ಊದಿಸಿಕೊಂಡವಳು ನಾನು. ಅಷ್ಟು ಜನ ಗಂಡಸರು ಬಾಗಿಲು ಹಾಕಿಕೊಂಡು, ಏಪ್ರನ್ ಕಟ್ಟಿಕೊಂಡು ಏನು ಮಾಡುತ್ತಾರೆ? ಮನೆಯಲ್ಲಿ ಒಂದು ದಿನ ಏಪ್ರನ್ ಕಟ್ಟಿದವರಲ್ಲ. ಅತ್ತೆಯಂತೂ ಫ್ರೀಮೇಸನ್ ಅಂದರೆ ಬಿಟ್ಟಿ ಗಾರೆ ಕೆಲಸ ಅಂದುಕೊಂಡು, ಹಿಂದಿನ ಗೋಡೆಯ ಬಿರುಕು ತೋರಿಸಿದ್ದರು.

ಬೆಳಿಗ್ಗೆಯಿಂದ ಇವರಾಡಿದ್ದು ಒಂದೇ ಮಾತು. 'ಅದು.' ನೀರೂ ಅದು, ಟವೆಲ್ಲೂ ಅದು. ನಾನೂ ಅದೇ.

ಮಾರ್ಚ್ 5, ಬುಧವಾರ.

ಹಲ್ಲಿನ ಡಾಕ್ಟರು ಈ ವರ್ಷ ಲಾಡ್ಜಿನ ಮಾಸ್ಟರ್, ಅಧ್ಯಕ್ಷರಿದ್ದ ಹಾಗೆ. ಸ್ನಾನ ಮಾಡಿಸಿ, ಕೈ ಒರೆಸಿಕೊಳ್ಳುತ್ತಾ ಹೇಳಿದರು: 'ಏಪ್ರಿಲ್ ಹನ್ನೆರಡಕ್ಕೆ ನಿಮ್ಮ ಅಳಿಯನನ್ನ ಸೇರಿಸ್ಕೊಳ್ತೀವಿ ಅಕ್ಕಾ. ಉಪಕರಣದ ಮಾತು ಅಣ್ಣನೇ ಹೇಳಲಿ ಅಂತ ಎಲ್ಲರಿಗೂ ಆಸೆ. ಆಗುತ್ತಾ?'

ಉಪಕರಣದ ಮಾತು ಅಂದರೆ, ಹೊಸಬನ ಮುಂದೆ ಅಳತೆಪಟ್ಟಿ, ಸುತ್ತಿಗೆ, ಉಳಿ ಇಟ್ಟು ಒಂದೊಂದರ ಅರ್ಥ ಹೇಳುವುದು. ಪುಸ್ತಕ ನೋಡುವಂತಿಲ್ಲ. ಬಾಯಿಪಾಠ. ಎಂಟು ನಿಮಿಷ. ಮೂವತ್ತು ವರ್ಷದಿಂದ ಆ ಕೆಲಸ ಇವರದೇ.

ಆಗುತ್ತೆ ಅಂದುಬಿಟ್ಟೆ. ಡಾಕ್ಟರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು.

ಸ್ಟ್ರೋಕ್ ಆದ ಮೂರನೇ ತಿಂಗಳು, ಹೊತ್ತು ಹೋಗದೆ, ಲಾಡ್ಜಿನ ಆ ಪುಟ್ಟ ಪುಸ್ತಕ ತೆಗೆದು ಮೊದಲ ಸಾಲು ಓದಿದ್ದೆ. ಎರಡನೆಯದನ್ನು ಇವರೇ ಹೇಳಿದರು. ಮೂರನೆಯದನ್ನೂ. ನೀರು ಬೇಕು ಅನ್ನಲಾರದ ಬಾಯಿ... ಗಡಗಡ ಅಂತ, ಹಳೇ ದನಿಯಲ್ಲಿ. ತಮ್ಮ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗೆ 'ಇದು ಸ್ಪಷ್ಟನೋ, ಅದು ಸ್ಪಷ್ಟನೋ' ಅನ್ನುತ್ತಿದ್ದ ಅದೇ ದನಿ. ಒಲೆಯ ಮೇಲೆ ಹಾಲು ಉಕ್ಕಿಹೋಯಿತು. ಹೋಗಲಿ ಅಂತ ಬಿಟ್ಟೆ. ಬಾಯಿಪಾಠ ಮಾಡಿದ್ದು ಮೆದುಳಿನ ಬೇರೆ ಜಾಗದಲ್ಲಿರುತ್ತೆ, ಅದಕ್ಕೇ ಉಳಿದಿದೆ ಅಂದಳು ಸ್ಪೀಚ್ ಥೆರಪಿಯವಳು.

ಅಂದಿನಿಂದ ದಿನಾ ಹೇಳಿಸುತ್ತೇನೆ. ನಾಲಿಗೆಗೆ ಅಭ್ಯಾಸ ಆಗಲಿ ಅಂತ — ಮಗಳಿಗೆ ಹಾಗಂತ ಹೇಳಿದ್ದೇನೆ. ಸುಳ್ಳು. ದನಿ ಕೇಳಬೇಕು ನನಗೆ.

ಮಾರ್ಚ್ 8, ಶನಿವಾರ.

ಪುಸ್ತಕದಲ್ಲಿ ಮೂರು ಕಡೆ ಪುಟಗಳನ್ನು ಸೇರಿಸಿ ಹಾಕಿದ ಪಿನ್ನುಗಳಿವೆ. ಗುಟ್ಟಿನ ಪುಟಗಳು. ಲಾಡ್ಜು ಸೇರಿದ ಹೊಸದರಲ್ಲಿ ಇವರೇ ಹಾಕಿದ್ದು. 'ಪುಸ್ತಕ ನೀನು ಹಿಡ್ಕೊ. ನಾನು ಹೇಳ್ತಾ ಹೋಗ್ತೀನಿ, ತಪ್ಪಿದ್ರೆ ತಡಿ. ಪಿನ್ನು ಮಾತ್ರ ತೆಗೀಬೇಡ.' ನಾನೋ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್. ಇಪ್ಪತ್ತೆಂಟು ವರ್ಷ ಊರವರ ಮಾತೆಲ್ಲ ಕಿವಿಯಲ್ಲಿ, ನಮ್ಮದು ಒಂದಕ್ಷರ ಬೆರೆಸುವಂತಿಲ್ಲ. ಪಿನ್ನು ಯಾವ ಲೆಕ್ಕ.

ಇವತ್ತು ನೋಡಿದರೆ ತುಕ್ಕು. ಕಾಗದಕ್ಕೂ ಕಲೆ ಹತ್ತಿದೆ. ಒಂದನ್ನು ತೆಗೆದೆ. ಪುಟ ತಾನಾಗಿಯೇ ಬಿಚ್ಚಿಕೊಂಡಿತು... ಗೋಡೆ ನೋಡುತ್ತಾ ಹೊಸ ಪಿನ್ನು ಹಾಕಿದೆ. ಬೆರಳಿಗೆ ಚುಚ್ಚಿತು. ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ.

ಮಾರ್ಚ್ 10, ಸೋಮವಾರ.

ಬೇಕರಿಯವರ ಜೊತೆ ರಿಹರ್ಸಲ್. ಹೋದ ವರ್ಷದ ಮಾಸ್ಟರ್ ಅವರು. ಇವರು ತಡವರಿಸಿದರೆ ಒಳಗೆ ಮಾತು ಎತ್ತಿಕೊಡಬೇಕಾದವರು.

ಅಳತೆಪಟ್ಟಿ ಸಲೀಸಾಗಿ ಬಂತು. ದಿನವನ್ನು ಮೂರು ಪಾಲು ಮಾಡು, ದುಡಿಮೆಗೆ ಒಂದು, ವಿಶ್ರಾಂತಿಗೆ ಒಂದು, ಕಷ್ಟದಲ್ಲಿರುವವನಿಗೆ ಒಂದು. ಅಲ್ಲಿಗೆ ನಿಂತರು. 'ಸುತ್ತಿಗೆ' ಅಂದರು ಬೇಕರಿಯವರು. ಇವರು ತಲೆಯಾಡಿಸಿದರು. ಮತ್ತೆ 'ಸುತ್ತಿಗೆ'. ಮುಖ ಕೆಂಪಾಯಿತು. ನಾನು ಅಡುಗೆಮನೆಯಿಂದ, ಯೋಚನೆಯೇ ಇಲ್ಲದೆ, 'ಹೂಂ, ಆಮೇಲೆ?' ಅಂದೆ. ಹೊರಟಿತು ಬಂಡಿ. ಸುತ್ತಿಗೆ, ಉಳಿ, ಕೊನೆಯವರೆಗೂ.

ತಪ್ಪು ನನ್ನದೇ. ಅಳತೆಪಟ್ಟಿ ಮುಗಿಯುವುದು ಪುಟದ ಕೊನೆಯಲ್ಲಿ. ಪುಟ ತಿರುಗಿಸುತ್ತಾ ಮೂವತ್ತು ವರ್ಷವೂ 'ಹೂಂ, ಆಮೇಲೆ?' ಅಂದಿದ್ದೇನೆ. ಪಾಠದ ಜೊತೆ ಅದೂ ಇವರ ತಲೆಯೊಳಗೆ ಕೂತಿದೆ. ಮೊದಲೆಲ್ಲ ಅದಿಲ್ಲದೆಯೂ ದಾಟುತ್ತಿದ್ದರು. ಈಗ ಆ ಶಕ್ತಿ ಇಲ್ಲ.

'ಅಷ್ಟೇ ತಾನೇ ಅಕ್ಕಾ, ನಾನೇ ಅಂದ್ರಾಯ್ತು' ಅಂದರು ಬೇಕರಿಯವರು. ಮೂರು ಸಲ ಅಂದರು. ಇವರು ಅವರ ಮುಖವನ್ನೇ ನೋಡುತ್ತಾ ಕೂತರು. ಫೋನಿನಲ್ಲಿ ನನ್ನ ದನಿ ಹಿಡಿದಿಟ್ಟರೆ? ಮೀಟಿಂಗಿಗೆ ಫೋನು ಒಯ್ಯುವಂತಿಲ್ಲ. ಹೆಂಗಸು ಒಳಗೆ ಹೋಗುವ ಮಾತೇ ಇಲ್ಲ.

ಮಾರ್ಚ್ 14, ಶುಕ್ರವಾರ.

ಆ ಹೂಂ ಬಿಡಿಸಲೇಬೇಕು ಅಂತ ಹಟ ಹಿಡಿದೆ. ಬೆಳಿಗ್ಗೆಯಿಂದ ಆರು ಸಲ ಹೇಳಿಸಿದೆ. ಅಳತೆಪಟ್ಟಿ ಮುಗಿದ ಮೇಲೆ ತುಟಿ ಬಿಗಿದು ಕೂತೆ. ಆರೂ ಸಲ ಅಲ್ಲೇ ನಿಂತರು. ಆರನೇ ಸಲ ನನ್ನ ತಲೆ ಕೆಟ್ಟಿತು. 'ಅಳಿಯನ ಮುಂದೆ ಹೀಗೇ ಬೆಪ್ಪಾಗಿ ನಿಲ್ತೀರಾ?' ಅಂದೆ.

ಅಭ್ಯಾಸಕ್ಕೆ ಅಂತ ಕೈಗೆ ಕೊಟ್ಟಿದ್ದ ಅಳತೆಪಟ್ಟಿ ನೆಲಕ್ಕೆ ಬಿಸಾಕಿದರು. ಅತ್ತರು.

ಮಾರ್ಚ್ 29, ಶನಿವಾರ.

ಹದಿನೈದು ದಿನ ಬರೆದಿಲ್ಲ. ಬರೆಯಲು ಮುಖವಿರಲಿಲ್ಲ.

ಹದಿನೈದು ದಿನ ಇವರೂ ಒಂದು ಸಾಲು ಹೇಳಿಲ್ಲ. ಮನೆಯಲ್ಲಿ ಮಿಕ್ಸಿ, ಗಡಿಯಾರ, ನನ್ನ ಚಪ್ಪಲಿ — ಇಷ್ಟೇ ಸದ್ದು. ಜಗಳವಾಡುವಾಗಲೂ ನನ್ನ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ 'ಈಗ ಸ್ಪಷ್ಟನೋ?' ಅಂತ ನಗಿಸುತ್ತಿದ್ದ ಮನುಷ್ಯ. ಎದುರಿಗೇ ಕೂತಿದ್ದಾರೆ. ಎದುರಿಗಿದ್ದವರಿಗಾಗಿ ಇಷ್ಟು ಹಂಬಲಿಸಬಹುದು ಅಂತ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಪುಸ್ತಕ ಅವರ ತೊಡೆಯ ಮೇಲಿಟ್ಟು 'ತಪ್ಪಾಯ್ತು. ನಿಮಗೆ ಬೇಕಾದಾಗ ಹೇಳಿ, ಬೇಡವಾದ್ರೆ ಬಿಡಿ' ಅಂದೆ. ಸಂಜೆ ಬಟ್ಟೆ ಮಡಿಸುತ್ತಿದ್ದೆ. ತಾವೇ ಶುರು ಮಾಡಿದರು. ಅಳತೆಪಟ್ಟಿ ಮುಗಿಸಿ, ಆ ಹೂಂಗಾಗಿ ನನ್ನ ಕಡೆ ನೋಡಿದರು. ಕೊಟ್ಟೆ.

ಏಪ್ರಿಲ್ 5, ಶನಿವಾರ.

ಅಳಿಯ ಬಂದಿದ್ದ. ಲಿಫ್ಟ್ ಮೆಕ್ಯಾನಿಕ್. ಮಗಳು ತಾನೇ ಆರಿಸಿಕೊಂಡವನು. ನಾಲ್ಕು ವರ್ಷ ಇವರು ಅವನ ಜೊತೆ 'ಊಟ ಆಯ್ತಾ' ದಾಟಿ ಮಾತಾಡಿಲ್ಲ. ಸ್ಟ್ರೋಕಿಗೆ ಸ್ವಲ್ಪ ಮುಂಚೆ, ಇದ್ದಕ್ಕಿದ್ದಂತೆ, ತಾವೇ ಅವನಿಂದ ಲಾಡ್ಜಿಗೆ ಅರ್ಜಿ ಹಾಕಿಸಿದರು. ಯಾಕೆ ಅಂತ ಕೇಳಿದ್ದೆ. 'ಹೇಳ್ತೀನಿ ತಡಿ' ಅಂದಿದ್ದರು. ಇನ್ನೂ ತಡೆದುಕೊಂಡೇ ಇದ್ದೇನೆ.

'ಒಳಗೆ ಹೋದ್ಮೇಲೆ ಮಾವನೂ ನೀನೂ ಬ್ರದರ್ ಅಂತೆ' ಅಂದೆ. 'ನನ್ನ ಮಗಳು ನಿನಗೆ ಏನಾಗಬೇಕು ಲೆಕ್ಕ ಹಾಕ್ಕೊ.' ನಕ್ಕ. ಆಮೇಲೆ ಮೆಲ್ಲಗೆ, 'ಅತ್ತೆ, ಅವತ್ತು ಮಾವ ನಿಜವಾಗ್ಲೂ ಮಾತಾಡ್ತಾರಾ?' ಅಂದ.

ಹೊಸಬನಿಗೆ ಮುಂಚೆ ಏನೂ ಗೊತ್ತಾಗಬಾರದು. ಅವನಿದ್ದಷ್ಟು ಹೊತ್ತು ಪುಸ್ತಕ ದಿಂಬಿನ ಕೆಳಗಿತ್ತು. ಹೂಂ ವಿಷಯವೂ ಹೇಳಲಿಲ್ಲ. 'ನೋಡೋಣ' ಅಂದೆ.

ಏಪ್ರಿಲ್ 12, ಶನಿವಾರ. ಸಂಜೆ ಏಳೂವರೆ.

ಆಯಿತು. ಬಂದ ಕೂಡಲೇ ಬರೆಯುತ್ತಿದ್ದೇನೆ.

ನಾಲ್ಕು ಗಂಟೆಗೆ ಲಾಡ್ಜಿನಲ್ಲಿ ಶುರು. ಇವರಿಗೆ ಏಪ್ರನ್ ಕಟ್ಟಿಕೊಟ್ಟೆ. ಬಾಗಿಲವರೆಗೆ ನಾನು, ಅಲ್ಲಿಂದ ಬೇಕರಿಯವರು. ಬಾಗಿಲು ಹಾಕಿದರು. ಹೊರಗೆ ಕತ್ತಿ ಹಿಡಿದು ಕಾಯುವವರು ನಮ್ಮ ರೈಲ್ವೆ ಗಾರ್ಡು. ಹದಿನಾಲ್ಕು ವರ್ಷದಿಂದ ಅದೇ ಡ್ಯೂಟಿ. ವರಾಂಡದ ಬೆಂಚಿನಲ್ಲಿ ಕೂರಲು ಬಿಟ್ಟರು. 'ನೀವು ಇಲ್ಲಿಲ್ಲ ಕಣಮ್ಮಾ' ಅಂದರು. 'ಇಲ್ಲ' ಅಂದೆ.

ಒಂದು ಗಂಟೆಯ ಮೇಲಾದ ಮೇಲೆ ಇವರ ದನಿ. ಬಾಗಿಲಾಚೆಯಿಂದ, ಆದರೂ ಗಟ್ಟಿಯಾಗಿ. ನನ್ನ ತುಟಿಯೂ ಜೊತೆಗೇ ಆಡುತ್ತಿತ್ತು. ದುಡಿಮೆಗೆ ಒಂದು... ವಿಶ್ರಾಂತಿಗೆ ಒಂದು... ಕಷ್ಟದಲ್ಲಿರುವವನಿಗೆ ಒಂದು.

ನಿಂತಿತು.

ಬೇಕರಿಯವರ ದನಿ — 'ಸುತ್ತಿಗೆ'. ಇಲ್ಲ. ಬೇಕರಿಯವರೇ 'ಹೂಂ, ಆಮೇಲೆ?' ಅಂದರು. ಇಲ್ಲ. ಯಾರೋ ಕೆಮ್ಮಿದರು. ಕುರ್ಚಿ ಸರಿದ ಸದ್ದು.

ಗಾರ್ಡು ನನ್ನನ್ನು ನೋಡಿದರು. ಎದ್ದು, ಎಡಪಕ್ಕ ನನ್ನ ಕಡೆ ಬರುವಂತೆ ತಿರುಗಿ ನಿಂತರು. 'ನನ್ನ ಎಡಗಿವಿ ಮೊದಲಿಂದ್ಲೂ ಮಂದ' ಅಂದರು, ಗೋಡೆಗೆ.

ಬಾಗಿಲ ಹತ್ತಿರ ಹೋದೆ. ಬಾಯಿ ತೆಗೆದೆ. ದನಿ ಬರಲಿಲ್ಲ. ಇಪ್ಪತ್ತೆಂಟು ವರ್ಷ ಬೇರೆಯವರ ಲೈನಿನಲ್ಲಿ ಉಸಿರು ಬಿಟ್ಟವಳಲ್ಲ. ಎರಡೇ ಎರಡು ಮಾತು. ಬರಲಿಲ್ಲ. ಇವರು ಒಳಗೆ ಕಾಯುತ್ತಿದ್ದಾರೆ, ನಾನು ಹೊರಗೆ ಬಾಯಿ ತೆರೆದುಕೊಂಡು ನಿಂತಿದ್ದೇನೆ.

ಆಗ ಒಳಗಿಂದ, ಚಿಕ್ಕ ದನಿ. ಅಳಿಯ. ಹೊಸಬ ಮಾತಾಡಬಾರದು, ಆದರೆ ಅವನಿಗೇನು ಗೊತ್ತು.

'ಆಮೇಲೆ, ಮಾವ?'

ಕೇಳಿದ. ನಿಜವಾಗಿ ಗೊತ್ತಿಲ್ಲದೆ, ಗೊತ್ತಾಗಬೇಕು ಅಂತ ಕೇಳಿದ.

'ಸುತ್ತಿಗೆ,' ಅಂದರು ಇವರು. ಮತ್ತೆ ನಿಲ್ಲಲಿಲ್ಲ.

ಬೆಂಚಿಗೆ ಬಂದು ಕೂತು ಅತ್ತೆ. ಸಂತೋಷಕ್ಕೇ ಅತ್ತೆ ಅಂದರೆ ಪೂರ್ತಿ ನಿಜವಲ್ಲ. ಹೊಟ್ಟೆಕಿಚ್ಚೂ ಇತ್ತು. ಆ ಆರು ಸಲ ನಾನು ಕೂತಿದ್ದು ಯಾಕೆ? ಮಾತು ಕೇಳಲಿಕ್ಕಲ್ಲ. ತಪ್ಪು ಹಿಡಿಯಲಿಕ್ಕೆ. ಗಾರ್ಡು ಕರವಸ್ತ್ರ ಕೊಟ್ಟರು. 'ನಾವಿಬ್ರೂ ಏನೂ ಕೇಳಿಸ್ಕೊಂಡಿಲ್ಲ' ಅಂದರು.

ಬಾಗಿಲು ತೆರೆದಾಗ ಅಳಿಯ ಇವರ ತೋಳು ಹಿಡಿದುಕೊಂಡು ಬಂದ. ಅಷ್ಟು ಹತ್ತಿರ ಅವರಿಬ್ಬರನ್ನು ನೋಡಿರಲಿಲ್ಲ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ ಎಂಟೂಕಾಲು.

ಪುಸ್ತಕ ಬೀರುವಿಗೆ ಹಾಕಿದೆ. ಇನ್ನು ಹೇಳಿಸಲಿಕ್ಕೆ ನೆಪ ಇಲ್ಲ. ಮನೆ ಮತ್ತೆ ಭಣಭಣ.

ಕಾಫಿ ಕೊಟ್ಟು ಎದುರಿಗೆ ಕೂತೆ. ಉತ್ತರ ಬರುವುದಿಲ್ಲ ಅಂತ ಇಷ್ಟು ತಿಂಗಳು ಇವರ ಹತ್ತಿರ ಏನೂ ಹೇಳುವುದನ್ನೇ ಬಿಟ್ಟಿದ್ದೆನಲ್ಲ, ಅನ್ನಿಸಿತು. ಹೇಳಿಕೊಂಡೆ. 'ನಿನ್ನೆ ನಾನು ಬಾಗಿಲ ಹೊರಗೇ ಇದ್ದೆ. ನೀವು ನಿಂತ್ರಿ. ನಾನು ಕೂಗೋಣ ಅಂತ ಹೋದೆ. ಆಗ್ಲಿಲ್ಲ ರೀ...' ಮುಂದೆ ಹೇಳಲಾಗದೆ ಲೋಟ ನೋಡುತ್ತಾ ಕೂತೆ.

'ಹೂಂ,' ಅಂದರು.

ತಲೆ ಎತ್ತಿದೆ. ನನ್ನನ್ನೇ ನೋಡುತ್ತಿದ್ದಾರೆ. ತುಟಿ ಹೊರಳಿಸಿದರು, ಹುಡುಕಿದರು.

'ಆಮೇಲೆ?'

ಆ ಪುಸ್ತಕದ ಯಾವ ಪುಟದಲ್ಲೂ ಇಲ್ಲ ಅದು. ಪಿನ್ನು ಹಾಕಿದ ಪುಟಗಳಲ್ಲೂ ಇರಲಾರದು. ಅಡುಗೆಮನೆಗೆ ಓಡಿಬಂದು ಬರೆದುಕೊಳ್ಳುತ್ತಿದ್ದೇನೆ, ಕನಸು ಅಂತ ನಾಳೆ ಅನ್ನಿಸಬಾರದು. ಅಲ್ಲಿಂದ ಮತ್ತೆ ಕೇಳುತ್ತಿದ್ದಾರೆ. ಹೋಗಬೇಕು. ಆಮೇಲೆ ಏನಾಯಿತು ಅಂದರೆ —