ಏರಿಯಾಚೆ ಬಿಟ್ಟ ಹುಳಗಳು

ಶ್ರವಣಬೆಳಗೊಳ
24-11-1962

ಪ್ರೀತಿಯ ಜ್ವಾಲಕ್ಕನಿಗೆ ನಿನ್ನ ತಂಗಿ ಅನಂತಮತಿಯ ನಮಸ್ಕಾರಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ಹಾಸನದಲ್ಲಿ ನೀವೆಲ್ಲ ಹೇಗಿದ್ದೀರಿ? ದೀಪಾವಳಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಹಗಲೆಲ್ಲ ರಾಗಿ ಕುಯ್ದು ಬೆರಳು ಮಡಿಸುವುದಕ್ಕೇ ಆಗುವುದಿಲ್ಲ. ನೀನೇಕೆ ಕುಯ್ಯಬೇಕು, ಆಳುಗಳೆಲ್ಲಿ ಹೋದರು ಅಂತ ಕೇಳುತ್ತೀಯ. ಅದನ್ನೇ ಹೇಳೋಣವೆಂದು ಕೂತೆ.

ಮುಂಗಾರಿನಲ್ಲಿ ನಮ್ಮ ಕಡಲೆಕಾಯಿಗೆ ಕಂಬಳಿಹುಳ ಬಿತ್ತು. ಗ್ರಾಮಸೇವಕ ಮಂಜುನಾಥ ಪುಡಿ ತಂದು, "ಒಂದ್ಸಲ ಉದುರ್ಸಿ ನೋಡಿ ಸಾ, ಎಲ್ಲಾ ಸತ್ತೋಯ್ತವೆ" ಅಂದ. ನಮ್ಮವರು ಕಿವಿ ಮುಚ್ಚಿಕೊಂಡರು. ಜೀವ ತೆಗೆದು ಬೆಳೆದದ್ದು ಬೇಡವಂತೆ. ನಮ್ಮ ಮಾವನವರ ಪದ್ಧತಿ ನಿನಗೆ ಗೊತ್ತಲ್ಲ, ಹುಳ ಆರಿಸಿ ಮಂಕರಿಗೆ ತುಂಬಿ ಕೆರೆ ಏರಿಯಾಚೆ ಕುರುಚಲು ಗಿಡಗಳಿಗೆ ಬಿಟ್ಟು ಬರುತ್ತಿದ್ದರು. ಅವರಿಗಿದ್ದದ್ದು ಎರಡೆಕರೆ. ಇವರು ಬಿತ್ತಿರುವುದು ನಲವತ್ತು. ಗಾಡಿಗಟ್ಟಲೆ ಹುಳ ಸಾಗಿಸಿದರು, ಅಕ್ಕ! ಬೇಡಿ ಅಂದರೆ ನನಗೇ ಧರ್ಮ ಹೇಳಲು ಬಂದರು.

ಗಿಡಗಳೆಲ್ಲ ಬೋಳಾದವು. ಹುಳವೇನು ಅಲ್ಲೇ ಉಪವಾಸ ಕೂರುತ್ತದೆಯೇ? ಪಕ್ಕದ ಚಂದ್ರಯ್ಯನ ಹೊಲಕ್ಕೆ ಇಳಿದು ಒಂದೆಲೆ ಬಿಡದೆ ಮೇಯ್ದವು. ಅವನು ನಮ್ಮ ಬಾಗಿಲಿಗೆ ಬಂದ, ಕೂಗಾಡಲೂ ಇಲ್ಲ. "ನಿಮ್ಗೆ ಪಾಪ ಸುತ್ಕೋಬಾರ್ದು ಅಂತ ನಮ್ ಒಲ ಮೇಯಿಸ್ಬುಟ್ರಲ್ಲಾ ಸ್ವಾಮಿ. ನಮ್ ಮಕ್ಳುದು ಜೀವ ಅಲ್ವಾ?" ಅಂದ. ನಮ್ಮ ಬೆಳೆಯಲ್ಲಿ ಪಾಲು ಕೊಡುತ್ತೇನೆ ಅಂದರು ಇವರು. "ನೀವೇ ಮಡಿಕ್ಕಳಿ" ಅಂದು ಹೊರಟುಹೋದ.

ಅಂದಿನಿಂದ ಮುಯ್ಯಾಳು ನಿಂತಿತು. ಅವರ ಕೊಯ್ಲಿಗೆ ನಾವು, ನಮ್ಮ ಕೊಯ್ಲಿಗೆ ಅವರು ಹೋಗಿ ಬಂದು ಮಾಡಿಕೊಂಡಿದ್ದೆವು. ಈಗ ಊರೆಲ್ಲ ಚಂದ್ರಯ್ಯನ ಕಡೆ, ಕೂಲಿ ಹೆಚ್ಚಿಸಿದರೂ ಯಾರೂ ಬರುವುದಿಲ್ಲ. ಮುದುಕ ಹುಚ್ಚಯ್ಯನೊಬ್ಬ ಬರುತ್ತಾನೆ, ಅವನಿಗೆ ಕಣ್ಣು ಸರಿಯಾಗಿ ಕಾಣದು. ತೆನೆ ಒಣಗಿ ಕಾಳು ಉದುರುತ್ತಿದೆ. ಉದುರಲಿ ಬಿಡು. ಚಂದ್ರಯ್ಯನ ಹೆಂಡತಿ ನೀಲಗಂಗಮ್ಮ ದಿನಾ ಮಧ್ಯಾಹ್ನ ಹಿತ್ತಿಲ ಬಾಗಿಲಿಂದ ಬಂದು ಕೂರುತ್ತಿದ್ದಳು. ಈಗ ಬಾವಿಯ ಹತ್ತಿರ ನನ್ನನ್ನು ಕಂಡರೆ ಅರ್ಧ ಕೊಡವನ್ನೇ ಎತ್ತಿಕೊಂಡು ಹೋಗುತ್ತಾಳೆ. ಇವರೋ ಉಂಡ ಕೈ ತೊಳೆದವರೇ ಹೊಲಕ್ಕೆ ಹೊರಡುತ್ತಾರೆ. ನನಗೆ ತುಂಬಾ ಒಂಟಿ ಅನ್ನಿಸುತ್ತದೆ, ಅಕ್ಕ. ನಾಲ್ಕು ದಿನದ ಮಟ್ಟಿಗಾದರೂ ಬಂದು ಹೋಗು.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ, ಜಿನೇಂದ್ರ ಅವರನ್ನು ಸುಖವಾಗಿಟ್ಟಿರಲಿ.

ನಿನ್ನ
ಅನಂತಮತಿ

ಇನ್ನೊಂದು ಮಾತು, ಬರೆಯಬಾರದು ಅಂದುಕೊಂಡಿದ್ದೆ. ಮೊನ್ನೆ ನೀಲಗಂಗಮ್ಮನ ಮಗಳು ಮಲ್ಲಿಗಮ್ಮನ ಮದುವೆಯಾಯಿತು. ಮಕ್ಕಳಿಲ್ಲದ ನಾನು ಕಾಲ ಮೇಲೆ ಹಾಕಿಕೊಂಡು ನೀರೆರೆದು ಬೆಳೆಸಿದ ಹುಡುಗಿ. ಕರೆಯಲು ಯಾರೂ ಬರಲಿಲ್ಲ. ಮೆರವಣಿಗೆಯಾದರೂ ನಮ್ಮ ಬೀದಿಯಲ್ಲೇ ಬರಬೇಕಲ್ಲ ಅಂತ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಮ್ಮ ಮನೆ ಹತ್ತಿರ ಬರುತ್ತಲೇ ವಾಲಗ ನಿಲ್ಲಿಸಿಬಿಟ್ಟರು, ಸಾವಾದ ಮನೆ ಮುಂದೆ ನಿಲ್ಲಿಸುವ ಹಾಗೆ. ದಾಟಿದ ಮೇಲೆ ಮತ್ತೆ ಊದಿಕೊಂಡು ಹೋದರು.