ಬುಟ್ಟಿಯಿಂದ ಆರಿಸಿದ ಟೇಪು

೧೪ ಮಾರ್ಚ್ ೧೯೮೩, ಸೋಮವಾರ, ಬೀರೂರು

ಸೊಂಟ ಬಿದ್ದುಹೋಗಿದೆ. ಮಲ್ಲಿಕಾರ್ಜುನಪ್ಪನವರ ಮೇಲೆ ಇವತ್ತು ಕೂಗಾಡಬೇಕಿತ್ತು, ಆಗಲಿಲ್ಲ. ಮೂವತ್ತು ವರ್ಷ ಮಠದ ವಚನ, ಭಜನೆ ರೆಕಾರ್ಡ್ ಮಾಡಿದ ಮನುಷ್ಯ. ನನ್ನ ಎಲೆಕ್ಟ್ರಿಕ್ ಗಿಟಾರಿನ ಕ್ಯಾಸೆಟ್ಟನ್ನು ಇಬ್ಬರೂ ಸೇರಿ ಮಾಡೋಣ ಎಂದು ಒಪ್ಪಿದವರು ಅವರೊಬ್ಬರೇ.

ನಾನು ಬೇಕೆಂದೇ ಗಿಟಾರನ್ನು ಸ್ಪೀಕರಿಗೆ ಒಡ್ಡಿ ಊಳಿಡುವಂತೆ ಮಾಡಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಅವರು ಬ್ಲೇಡು ಹಿಡಿದು ಆ ಊಳನ್ನೆಲ್ಲ ಟೇಪಿನಿಂದ ಕತ್ತರಿಸಿ ಬುಟ್ಟಿಗೆ ಹಾಕಿದ್ದರು.

"ಮಿಷನ್ನು ಕೆಟ್ಟು ಕೂಗ್ಕೊಂಡಿತ್ತು ಕಣಪ್ಪಾ ದತ್ತಾತ್ರಿ. ನಿನ್ ಮರ್ಯಾದೆ ಉಳಿಸ್ದೆ."

ಕೆಟ್ಟಿದ್ದಲ್ಲ, ಆ ಊಳೇ ನನ್ನ ಹಾಡು ಎಂದೆ. ಅವರ ಮುಖ ಸಣ್ಣದಾಯಿತು. ಕನ್ನಡಕ ಏರಿಸಿ, ನೆಲದ ಮೇಲೆ ಕೂತು, ತುಂಡುಗಳನ್ನು ಆರಿಸಿ ಸಂಜೆಯವರೆಗೆ ಅಂಟಿಸಿದರು. ನಾನೂ ಜೊತೆಗೆ ಕೂತೆ.

ಹಾಕಿ ಕೇಳಿದರೆ ಒಂದು ತುಂಡು ಹಿಂದುಮುಂದಾಗಿತ್ತು. ಊಳು ಕೊನೆಯಿಂದ ಶುರುವಾಗಿ, ಯಾರೋ ಉಸಿರನ್ನು ಒಳಗೆಳೆದುಕೊಂಡಂತೆ ಬಂತು. ವರ್ಷಗಟ್ಟಲೆ ನಾನು ಹುಡುಕಿದ ಸದ್ದು ಅದು.

"ಮೊದ್ಲು ಹೆಂಗಿತ್ತೋ ಹಂಗೇ ಬಂತೇನಪ್ಪಾ?" ಎಂದು ಅಳುಕುತ್ತಾ ಕೇಳಿದರು.

ಹೌದು ಎಂದೆ. ನಿಜ ಹೇಳಿದ್ದರೆ ಬಿಚ್ಚಿ ನೆಟ್ಟಗೆ ಮಾಡಿಬಿಡುವ ಮನುಷ್ಯ. ಬೆರಳಿಗೆ ಇನ್ನೂ ಅಂಟು. ಕ್ಯಾಸೆಟ್ಟಿನ ಮೇಲೆ ಅವರ ಹೆಸರನ್ನೇ ಮೊದಲು ಹಾಕಿಸಬೇಕು, ಯಾಕೆ ಎಂದು ಅವರು ಕೇಳಿದರೆ ಮಾತ್ರ ಹೇಳಬಾರದು.