ನಿನ್ನ ಹಿತ್ತಿಲಿನ ಲೆಕ್ಕ

ಮಾರ್ಲಿಸ್,

ನಿನ್ನೆ ಯೂಟಾದ ಕಣಿವೆಯಲ್ಲಿ ನನ್ನ ತಮ್ಮ ವೆಂಡೆಲ್ ಬಂಡೆಯಿಂದ ಜಾರಿ ತೊಡೆ ಮುರಿದುಕೊಂಡ. ಫೋನಿಗೆ ಸಿಗ್ನಲ್ ಇಲ್ಲ. ಇದ್ದದ್ದು ಉಪಗ್ರಹದ ಮೂಲಕ ದೂರದ ಹವ್ಯಾಸಿಗಳ ಜೊತೆ ಮಾತಾಡುವ ನನ್ನ ಕೈ ರೇಡಿಯೊ ಒಂದೇ. ಉಪಗ್ರಹ ನೆತ್ತಿಯ ಮೇಲೆ ಬರುತ್ತದೆಂದು ಅದು ತೋರಿಸಿದ ಹೊತ್ತಿಗೆ ಆಂಟೆನಾ ಎತ್ತಿ ಕೂಗಿದೆ. ಬರೀ ಗೊರಗೊರ.

“ಅಕ್ಕಾ, ನಿನ್ನ ಡಬ್ಬಿ ಸುಳ್ಳು ಹೇಳ್ತಿದೆ,” ಎಂದ ವೆಂಡೆಲ್. ಅವನ ತುಟಿ ಬಿಳಿಚಿಕೊಂಡಿತ್ತು.

ಗಡಿಯಾರ ಸರಿಯಿತ್ತು. ಉಪಗ್ರಹದ ಪಥದ ಮಾಹಿತಿಯೂ ಹೊಸದೇ. ಕೊನೆಗೆ ಸ್ಥಳ ನೋಡಿದೆ. ಬಂಡೆಗಳ ನಡುವೆ ಜಿಪಿಎಸ್ ಸಿಗದೆ, ರೇಡಿಯೊ ಹಿಂದೆಂದೋ ಉಳಿಸಿಟ್ಟ ಜಾಗಕ್ಕೇ ಉಪಗ್ರಹ ಬರುವ ಹೊತ್ತನ್ನು ಲೆಕ್ಕ ಹಾಕುತ್ತಿತ್ತು: ಮಿನೆಸೋಟಾದಲ್ಲಿ ನಾವಿಬ್ಬರೂ ರೇಡಿಯೊ ಹಿಡಿದು ಕೂರುತ್ತಿದ್ದ ನಿನ್ನ ಹಿತ್ತಿಲಿಗೆ. ನಾವು ಮಾತು ಬಿಟ್ಟ ಮೇಲೂ ನಾನದನ್ನು ಬದಲಿಸಿರಲಿಲ್ಲ.

ನಕ್ಷೆ ನೋಡಿ ಕಣಿವೆಯ ಜಾಗ ತುಂಬಿಸಿದೆ. ಉಪಗ್ರಹ ಮತ್ತೆ ಸುತ್ತಿ ಬರುವಷ್ಟರಲ್ಲಿ ವೆಂಡೆಲ್ ಮಾತು ನಿಲ್ಲಿಸಿದ್ದ. ಈ ಸಲ ಕೂಗಿದ ಕೂಡಲೇ ಒಂದು ದನಿ ಬಂತು. ನಿನ್ನದು.

ರೇಡಿಯೊದಲ್ಲಿ ನನ್ನ ಗುರುತಾದ ಕರೆಸಂಕೇತ ಕೇಳಿಯೇ ನಾನೆಂದು ನಿನಗೆ ಗೊತ್ತಾಗಿತ್ತು. ಆದರೂ ಅಪರಿಚಿತರಿಗೆ ಹೇಳುವ ಹಾಗೆ ನೀನು, “ಎಲ್ಲಿದ್ದೀರಿ ಹೇಳಿ, ಬರ್ಕೋತೀನಿ. ಹೆಲಿಕಾಪ್ಟರ್ ಕಳಿಸೋಕೆ ನಾನೇ ಫೋನ್ ಮಾಡ್ತೀನಿ,” ಎಂದೆ.

ನೀನು ಮಾಡಿದೆ. ಅವನು ಉಳಿದ.

ಆಗ ರೇಡಿಯೊದಲ್ಲಿ ನಾನೂ ನಿನ್ನಂತೆಯೇ ಬಹುವಚನ ಹಚ್ಚಿ, “ನಿಮ್ಮಿಂದ ಉಪಕಾರ ಆಯ್ತು,” ಎಂದೆ. ಉಪಗ್ರಹ ಬಂಡೆಯಾಚೆ ಇಳಿಯಲು ಇನ್ನೂ ಹೊತ್ತಿತ್ತು. ಮಾತಾಡಲು ಒತ್ತಬೇಕಾದ ಗುಂಡಿಯನ್ನು ಇಬ್ಬರೂ ಒತ್ತಲಿಲ್ಲ.